ಎಡಗಡೆಯ ಚೈನು ಮುಗಿಯಿತು

ಮಂಗಳೂರಲ್ಲಿ ಆಟಿಯ ಮಳೆ. ಮೊನ್ನೆ ನನ್ನ ಟ್ಯಾಂಕ್ ಮಾಡೆಲ್ಲಿಗೆ ಸ್ಪ್ರೇ ಮಾಡಿದ ಲ್ಯಾಕರ್ ಪೇಂಟಿನ ಮೇಲೆ ಬೆಳ್ಳಗೆ ಮಂಜು ಕೂತ ಹಾಗಾಯಿತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಹೀಗೇ. ಎಲ್ಲ ಉಜ್ಜಿ ತೆಗೆದೆ.

ಕಟ್ಟುತ್ತಿರುವುದು ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ಮೌಸ್ ಟ್ಯಾಂಕ್, 1:35 ಅಳತೆಯದ್ದು, ಅಂದರೆ ನಿಜವಾದದ್ದರ ಮೂವತ್ತೈದನೇ ಒಂದು ಪಾಲು. ಮೌಸ್ ಅಂದರೆ ಇಲಿ. ನಿಜವಾದದ್ದರ ತೂಕ 188 ಟನ್! ಎಂಜಿನ್ ಜನರೇಟರ್ ತಿರುಗಿಸುತ್ತಿತ್ತು, ಚಕ್ರಗಳ ಸುತ್ತಲಿನ ಚೈನು ಓಡಿಸುತ್ತಿದ್ದದ್ದು ಕರೆಂಟಿನ ಮೋಟಾರು.

ನನಗೆ ಕಷ್ಟ ಕೊಟ್ಟಿದ್ದೂ ಆ ಚೈನೇ. ಒಂದೊಂದು ಕೊಂಡಿಯನ್ನೂ ಬ್ಲೇಡಿನಲ್ಲಿ ಬಿಡಿಸಿ, ಅಂಚು ಉಜ್ಜಿ, ಚಿಮಟದಲ್ಲಿ ಹಿಡಿದು ಸೇರಿಸಬೇಕು. ಅಂಟು ಒಂಚೂರು ಜಾಸ್ತಿಯಾದರೂ ಕೀಲು ಹಿಡಿದುಬಿಡುತ್ತದೆ. ನಿನ್ನೆ ರಾತ್ರಿ ಎರಡು ಗಂಟೆಗೆ ಎಡಗಡೆಯದು ಮುಗಿಯಿತು. ಬೆರಳ ಮೇಲೆ ಹಾಕಿ ನೋಡಿದೆ, ಮೂರು ಸೆಂಟಿಮೀಟರ್ ಅಗಲದ ಆ ಚೈನು ಮೆಲ್ಲಗೆ ಬಳುಕಿತು. ಎಷ್ಟು ಖುಷಿಯಾಯಿತು ಗೊತ್ತಾ!

"ಇನ್ನೂ ಮಲಗಲಿಲ್ವಾ ಮಾರಾಯಾ?" ಅಂತ ಅಮ್ಮ ಎದ್ದು ಬಂದರು. ತೋರಿಸಿದೆ. ಅವರೂ ಬೆರಳ ಮೇಲೆ ಹಾಕಿಕೊಂಡು ನೋಡಿದರು.

ನಿಜದಲ್ಲಿ ಈ ಟ್ಯಾಂಕಿನ ಒಡಲು ತಯಾರಾಗಿದ್ದು ಎರಡೇ; ಟರೆಟ್ಟು, ಅಂದರೆ ತೋಪು ಇರುವ ತಿರುಗುವ ಮೇಲ್ಭಾಗ, ಒಂದೇ, ಅದೂ ಎರಡನೆಯದಕ್ಕೆ. ಯುದ್ಧದ ಕೊನೆಗೆ ಎರಡನೆಯದನ್ನು ಜರ್ಮನರೇ ಸ್ಫೋಟಿಸಿದರು. ಉಳಿದ ಅದರ ಟರೆಟ್ಟನ್ನು ಸೋವಿಯತ್ತಿನವರು ಮೊದಲನೆಯದರ ಮೇಲೆ ಕೂರಿಸಿದರು. ಕೊಂಡಿ ಜೋಡಿಸುವಾಗ ಸುಮ್ನೆ ಆ ಕೆಲಸಗಾರರ ಕೈಗಳು ನೆನಪಾಗುತ್ತವೆ. ಯುದ್ಧ ಮುಗಿದಿತ್ತು, ಅವರು ಜೋಡಿಸುತ್ತಿದ್ದರು.

ಬಲಗಡೆಯ ಚೈನು ಇವತ್ತು ಶುರು. ಮಳೆ ಬಿಡುವ ತನಕ ಪೇಂಟ್ ಮುಟ್ಟುವುದಿಲ್ಲ.