ಸುಣ್ಣದ ಗೋಡೆಯನ್ನು ಓದಲು ಕಲಿಸಿದ ಗುರುಗಳು

ನಮ್ಮ ಪ್ರೌಢಶಾಲೆಯ ಇತಿಹಾಸದ ಗುರುಗಳು ಅರ್ಧ ಪಾಠವನ್ನು ತರಗತಿಯಲ್ಲಿ, ಉಳಿದರ್ಧವನ್ನು ಊರೊಳಗೆ ಮಾಡುತ್ತಿದ್ದರು. ಬೆಳಗಾವಿ ಕೋಟೆಯ ಕಮಲ ಬಸದಿಯನ್ನು ತೋರಿಸಿದ ಮರುವಾರವೇ ನಮ್ಮನ್ನು ಕ್ಯಾಂಪ್ ಪ್ರದೇಶದ ಹಳೆಯ ಕ್ಯಾಥೊಲಿಕ್ ಚರ್ಚಿಗೆ ಕರೆದೊಯ್ದರು. "ಬಸದಿಯ ಛಾವಣಿಯಲ್ಲಿ ಕಂಡಂಥ ಕೆತ್ತನೆ ಇಲ್ಲಿ ಏಕಿಲ್ಲ? ಮೊದಲು ಕಲ್ಲನ್ನು ನೋಡಿ" ಎಂದರು.

ಪಕ್ಕದ ಗೋಡೆಯಲ್ಲಿ ಒಂದೆಡೆ ಗಾರೆ ಉದುರಿತ್ತು. ಒಳಗಿನ ಜಂಬಿಟ್ಟಿಗೆ ಕೆಂಪಗೆ, ಮೈತುಂಬ ರಂಧ್ರಗಳೊಂದಿಗೆ ಕಾಣುತ್ತಿತ್ತು. ಬೆರಳಿಟ್ಟರೆ ತಣ್ಣಗೆ ತೇವ. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಅದು. ಗೋಡೆ ದಪ್ಪವಾಗಿ ಎಬ್ಬಿಸಬಹುದು, ಆದರೆ ಎಸಳು ಎಸಳಾಗಿ ಕೆತ್ತಲು ಬರುವುದಿಲ್ಲ. ಹಾಗಾಗಿ ಅಲಂಕಾರವನ್ನೆಲ್ಲ ಸುಣ್ಣದ ಗಾರೆಯೇ ಹೊತ್ತಿದೆ: ಕಮಾನಿನ ಅಂಚು, ಕಂಬದ ತಲೆ, ಮುಂಬದಿಯ ಪಟ್ಟಿಗಳು. ಗೋವಾದ ಚರ್ಚುಗಳನ್ನು ನೋಡಿದವರಿಗೆ ಈ ಕೈಚಳಕ ತಕ್ಷಣ ಗುರುತು ಸಿಗುತ್ತದೆ. ಬೆಳಗಾವಿ ಪ್ರತ್ಯೇಕ ಧರ್ಮಪ್ರಾಂತ್ಯ, ಅಂದರೆ ತನ್ನದೇ ಬಿಷಪ್ ಇರುವ ಆಡಳಿತ ಪ್ರದೇಶ, ಆದದ್ದು 1953ರಲ್ಲಿ. ಅಲ್ಲಿಯವರೆಗೆ ಈ ಭಾಗದ ನಂಟು ಗೋವಾ ಮತ್ತು ಪುಣೆಯ ಜೊತೆಗಿತ್ತು.

ಒಳಗೆ ಗುರುಗಳು ಹೆಚ್ಚು ಮಾತನಾಡಲಿಲ್ಲ, ನಮಗೇ ಹುಡುಕಲು ಬಿಟ್ಟರು. ದೀಕ್ಷಾಸ್ನಾನದ ತೊಟ್ಟಿ ಬಾಗಿಲ ಹತ್ತಿರವೇ ಏಕಿದೆ? ಕ್ರೈಸ್ತ ಸಭೆಯ ಬಾಳಿಗೆ ಪ್ರವೇಶ ಆ ಸ್ನಾನದಿಂದಲೇ. ಎರಡೂ ಪಕ್ಕದ ಗೋಡೆಗಳಲ್ಲಿ ಶಿಲುಬೆ ಹಾದಿಯ, ಅಂದರೆ ಯೇಸುವಿನ ಕೊನೆಯ ಪಯಣದ, ಹದಿನಾಲ್ಕು ಚಿತ್ರಗಳಿದ್ದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಪೂಜೆ ಅರ್ಪಿಸುವ ಎರಡು ಪೀಠಗಳು. ಗೋಡೆಗೆ ಅಂಟಿದ ಎತ್ತರದ ಹಳೆಯ ಪೀಠ, ಅದರ ಮುಂದೆ ಸರಳವಾದ ಮೇಜಿನಂಥ ಇನ್ನೊಂದು. ಹಿಂದೆ ಪಾದ್ರಿಗಳು ಜನರಂತೆಯೇ ಹಳೆಯ ಪೀಠದತ್ತ ಮುಖ ಮಾಡಿ ಲ್ಯಾಟಿನ್‌ನಲ್ಲಿ ಪೂಜೆ ಅರ್ಪಿಸುತ್ತಿದ್ದರು. 1962ರಿಂದ 1965ರವರೆಗೆ ನಡೆದ, ಕ್ಯಾಥೊಲಿಕ್ ಬಿಷಪ್‌ಗಳ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನರ ಭಾಷೆಗೆ ಬಂತು, ಪಾದ್ರಿಗಳು ಮುಂದಿನ ಪೀಠದಲ್ಲಿ ಜನರತ್ತ ತಿರುಗಿ ನಿಂತರು. ರೋಮಿನಲ್ಲಿ ಆದ ತೀರ್ಮಾನ ನಮ್ಮೂರಿನ ಕಟ್ಟಡದೊಳಗೆ ಹೀಗೆ ಕಣ್ಣಿಗೆ ಕಾಣುವುದು ನನಗೆ ಇಂದಿಗೂ ರೋಮಾಂಚನದ ವಿಷಯ.

ಈಗ ನಾನು ಹಳೆಯ ಕಟ್ಟಡಗಳ ದುರಸ್ತಿ ಕೆಲಸದಲ್ಲಿದ್ದೇನೆ. ಇಂಥ ಗೋಡೆಗಳಿಗೆ ಸಿಮೆಂಟ್ ಮೆತ್ತುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಜಂಬಿಟ್ಟಿಗೆ ನೀರು ಕುಡಿಯುತ್ತದೆ. ಸುಣ್ಣದ ಗಾರೆ ಅದನ್ನು ನಿಧಾನವಾಗಿ ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ಕೂಡಿಹಾಕುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಹಿಂದೆ ಕಲ್ಲು ಪುಡಿಯಾಗುತ್ತಿರುತ್ತದೆ. ಗಾರೆಯನ್ನೇ ತೆಗೆದು ಕಲ್ಲನ್ನು ಬರಿದಾಗಿ ಬಿಡುವುದೂ ತಪ್ಪು. ಹಳೇ ಗೋವಾದ ಬಾಂ ಜೀಸಸ್ ಬೆಸಿಲಿಕಾದ ಹೊರಗಾರೆಯನ್ನು ಕಳೆದ ಶತಮಾನದಲ್ಲಿ ಕಿತ್ತುಹಾಕಿದ ಮೇಲೆ ಅದರ ಕಲ್ಲು ಮಳೆಗೆ ಸವೆಯುತ್ತಿದೆ.

ಶಾಲೆಯ ಈಗಿನ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಓಣಿಯ ಚರ್ಚು, ಗುಡಿ, ಮಸೀದಿ ಯಾವುದೇ ಇರಲಿ, ಅನುಮತಿ ಪಡೆದು ಅಳತೆಪಟ್ಟಿ ಹಿಡಿದು ಹೋಗಿ. ಬಾಗಿಲು, ಕಿಟಕಿ, ಗೋಡೆಯ ದಪ್ಪ ಬರೆದುಕೊಳ್ಳಿ, ನಕ್ಷೆ ತೆಗೆಯಿರಿ. ಮುಂದೆ ದುರಸ್ತಿ ಮಾಡುವವರಿಗೆ ಮೊದಲು ಬೇಕಾಗುವುದು ಅದೇ.