ಡೆತ್ ವ್ಯಾಲಿಗೆ ಬೆಳದಿಂಗಳ ಫೋಟೋ ತೆಗಿಯೋಕೆ ಹೋಗ್ತಿದ್ರೆ ಮೊದ್ಲು ತಿಥಿ ನೋಡ್ಕೊಳ್ಳಿ

ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮೋರು ಡಿಸೆಂಬರ್ ರಜಾ ಬಂತು ಅಂದ್ರೆ ಅಲ್ಲಿನ ಮರುಭೂಮಿ ನ್ಯಾಷನಲ್ ಪಾರ್ಕ್ ಡೆತ್ ವ್ಯಾಲಿಗೆ ಪ್ಲಾನ್ ಮಾಡ್ತಾರೆ, ಕ್ಯಾಮೆರಾ ಇರೋರು ಕರೆಕ್ಟಾಗಿ ಹುಣ್ಣಿಮೆಗೇ ರೂಮ್ ಬುಕ್ ಮಾಡ್ತಾರೆ. ನಾನು ಹೇಳೋದು ಏನಂದ್ರೆ, ಹುಣ್ಣಿಮೆ ಬೇಡ, ಅದಕ್ಕೆ ಮೂರು ದಿನ ಮುಂಚೆ ಬರೋ ಶುಕ್ಲ ಪಕ್ಷದ ದ್ವಾದಶಿಗೆ ಹೋಗಿ. ಈ ಸಲ ಅಮ್ಮ ಊರಿಂದ ಬಂದಿದ್ರು, ಅವರ ಬ್ಯಾಗಲ್ಲಿದ್ದ ಕ್ಯಾಲೆಂಡರ್ ನೋಡ್ಕೊಂಡೇ ಡೇಟ್ ಫಿಕ್ಸ್ ಮಾಡಿದ್ದು, ಯಾವ ಆ್ಯಪೂ ಬೇಕಾಗ್ಲಿಲ್ಲ.

ಯಾಕೆ ಅಂದ್ರೆ, ಎಲ್ರೂ ಹೋಗೋದು ಬ್ಯಾಡ್‌ವಾಟರ್ ಬೇಸಿನ್‌ಗೆ, ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗಿರೋ ಉಪ್ಪಿನ ಬಯಲು. ಅದರ ಪೂರ್ವಕ್ಕೆ ಗೋಡೆ ಥರ ಬೆಟ್ಟ ನಿಂತಿದೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗೋ ಹೊತ್ತಿಗೆ ಹುಟ್ಟತ್ತೆ ನಿಜ, ಆದ್ರೆ ಆ ಬೆಟ್ಟ ದಾಟಿ ನಿಮ್ಮ ಕಾಲ ಹತ್ರ ಬೆಳಕು ಬೀಳೋಕೆ ಗಂಟೆ ಮೇಲೆ ಕಾಯ್ಬೇಕು, ಆ ಚಳಿಯಲ್ಲಿ. ದ್ವಾದಶಿ ಚಂದ್ರ ಆದ್ರೆ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗೋವಾಗ್ಲೇ ಮೇಲೆ ಇರತ್ತೆ, ಕತ್ತಲಾಗ್ತಿದ್ದಂಗೆ ಶುರು ಮಾಡ್ಬಹುದು. ಬೆಳಗಿನ ಜಾವ ನಾಲ್ಕರ ಆಸುಪಾಸಿಗೆ ಮುಳುಗೋದ್ರಿಂದ ಆಮೇಲೆ ಸ್ವಲ್ಪ ಹೊತ್ತು ಪೂರ್ತಿ ಕತ್ತಲೆ ಆಕಾಶಾನೂ ಸಿಗತ್ತೆ. ಹಾಗಂತ ಅಷ್ಟಮಿಗೆ ಹೋಗ್ಬೇಡಿ, ಅರ್ಧ ಚಂದ್ರ ಅಂದ್ರೆ ಅರ್ಧ ಬೆಳಕು ಅಲ್ಲ, ಹುಣ್ಣಿಮೆಯ ಹತ್ತನೇ ಒಂದು ಭಾಗದಷ್ಟೇ ಇರತ್ತೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ತಲೆಗೇ ಬರಲ್ಲ. ಚಳಿಗಾಲದಲ್ಲಿ ಸೂರ್ಯ ಎಷ್ಟು ತಗ್ಗಲ್ಲಿ ಹೋಗ್ತಾನೋ ಹುಣ್ಣಿಮೆ ಹತ್ತಿರದ ಚಂದ್ರ ಅಷ್ಟೇ ಎತ್ತರಕ್ಕೆ ಏರತ್ತೆ, ನೆತ್ತಿ ಹತ್ರ ಬಂದಾಗ ನೆರಳೇ ಇಲ್ಲದೆ ಬಯಲೆಲ್ಲಾ ಸಪ್ಪೆಯಾಗಿ ಕಾಣತ್ತೆ. ಉಪ್ಪಿನ ಮೇಲೆ ಐದು ಆರು ಮೂಲೆಯ ಆಕಾರಗಳಿರತ್ತೆ, ಅಂಚಲ್ಲಿ ಗಂಟು ಗಂಟಾಗಿ ಉಪ್ಪು ಎದ್ದಿರತ್ತೆ, ಚಂದ್ರ ಓರೆಯಾಗಿದ್ದಾಗ ಮಾತ್ರ ಆ ಒಂದೊಂದು ಅಂಚಿಗೂ ಕಪ್ಪು ಗೆರೆ ಎಳೆದಂಗೆ ನೆರಳು ಬೀಳತ್ತೆ. ಹಾಗಾಗಿ ಸಂಜೆ ಏಳರ ತನಕ ತೆಗೀರಿ, ಹೋಗಿ ಊಟ ಮಾಡಿ ಮಲಗಿ, ರಾತ್ರಿ ಒಂದೂವರೆ ಎರಡಕ್ಕೆ ಎದ್ದು ವಾಪಸ್ ಬನ್ನಿ. ಪಶ್ಚಿಮಕ್ಕೆ 11,049 ಅಡಿಯ ಟೆಲಿಸ್ಕೋಪ್ ಪೀಕ್ ಇದೆ, ಹಿಮ ಬಿದ್ದಿದ್ರೆ ಅದನ್ನ ಸಂಜೇನೇ ತೆಗೀಬೇಕು, ಆಗ ಬೆಳಕು ನೇರ ಅದರ ಮುಖಕ್ಕೆ ಬೀಳತ್ತೆ. ಪಾರ್ಕಿಂಗ್ ಹತ್ರ ಉಪ್ಪೆಲ್ಲಾ ಜನ ತುಳಿದು ಮಟ್ಟ ಆಗಿದೆ, ಒಂದು ಮೈಲಿ ಒಳಗೆ ನಡೀರಿ, ಕಾಲ ಕೆಳಗೆ ಹಪ್ಪಳ ಮುರಿದಂಗೆ ಸದ್ದು ಬರೋಕೆ ಶುರುವಾದ್ರೆ ಸರಿಯಾದ ಜಾಗಕ್ಕೆ ಬಂದಿದೀರಿ ಅಂತ. ಮಳೆ ಆಗಿದ್ರೆ ಮೊದ್ಲು ಪಾರ್ಕ್ ವೆಬ್‌ಸೈಟ್ ನೋಡಿ, 2023ರ ಆಗಸ್ಟಲ್ಲಿ ಪ್ರವಾಹ ಬಂದು ಎರಡು ತಿಂಗಳು ಪಾರ್ಕೇ ಮುಚ್ಚಿತ್ತು.

ಕ್ಯಾಮೆರಾ ಸೆಟ್ಟಿಂಗ್ಸ್: ಹುಣ್ಣಿಮೆಗೆ ಎಫ್ 4 (ಲೆನ್ಸ್ ಎಷ್ಟು ತೆರೆದಿರತ್ತೆ ಅನ್ನೋದು), ಐಎಸ್‌ಒ 800 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು), ಶಟರ್ ಹತ್ತರಿಂದ ಹದಿನೈದು ಸೆಕೆಂಡ್, ದ್ವಾದಶಿಗೆ ಐಎಸ್‌ಒ 1600 ಮಾಡ್ಕೊಳ್ಳಿ. ಫೋಕಸ್ ಚಂದ್ರನ ಮೇಲೇ ಹಿಡಿದು ಆಮೇಲೆ ಮ್ಯಾನ್ಯುಅಲ್‌ಗೆ ಹಾಕ್ಬಿಡಿ. ಬೆಳಕು ಜಾಸ್ತಿ ಆದ್ರೆ ಹಗಲಿನ ಥರಾನೇ ಬರತ್ತೆ, ಚಂದ್ರನ ಬೆಳಕು ಅಂದ್ರೂ ಅದು ಸೂರ್ಯನ ಬೆಳಕೇ ಅಲ್ವಾ. ಅಮ್ಮ ಸ್ಕ್ರೀನ್ ನೋಡಿ "ಇದು ಮಧ್ಯಾಹ್ನ ತೆಗ್ದಿದ್ದಲ್ವೇನೋ" ಅಂದ್ರು, ನೀಲಿ ಆಕಾಶದಲ್ಲಿ ನಕ್ಷತ್ರ ತೋರಿಸಿದ ಮೇಲೇ ನಂಬಿದ್ದು. ಒಂದು ಸ್ಟಾಪ್ ಕಮ್ಮಿ, ಅಂದ್ರೆ ಅರ್ಧ ಬೆಳಕಲ್ಲಿ ತೆಗೀರಿ, ಬಣ್ಣದ ಛಾಯೆ ಸರಿ ಮಾಡೋ ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಹತ್ರ ಇಡಿ, ರಾತ್ರಿ ರಾತ್ರಿಯಾಗೇ ಉಳಿಯತ್ತೆ. ಹೆಡ್‌ಲ್ಯಾಂಪ್ ಕೆಂಪು ಲೈಟ್ ಇರೋದು ತಗೊಳ್ಳಿ, ದಯವಿಟ್ಟು ಬೇರೆಯವರ ಫ್ರೇಮಲ್ಲಿ ಮೊಬೈಲ್ ಟಾರ್ಚ್ ಬಿಡ್ಬೇಡಿ. ಡ್ರೋನ್ ಮನೇಲೇ ಇರ್ಲಿ, ನ್ಯಾಷನಲ್ ಪಾರ್ಕಲ್ಲಿ ಹಾರಿಸೋ ಹಾಗಿಲ್ಲ.

ಮೆಸ್ಕೀಟ್ ಫ್ಲಾಟ್ ಮರಳು ದಿಬ್ಬಾನೂ ಚೆನ್ನಾಗಿದೆ, ಆದ್ರೆ ಗಾಳಿ ಬೀಸಿ ಹೆಜ್ಜೆ ಗುರುತು ಅಳಿಸಿದ್ರೆ ಮಾತ್ರ. ದಾಂತೇಸ್ ವ್ಯೂ ಅನ್ನೋ ಬೆಟ್ಟದ ಮೇಲಿನ ವ್ಯೂಪಾಯಿಂಟ್ ಐದು ಸಾವಿರ ಅಡಿಗಿಂತ ಮೇಲಿದೆ, ಅಲ್ಲಿ ಗಾಳಿಗೆ ಟ್ರೈಪಾಡ್ ನಿಲ್ಲೋದೇ ಕಷ್ಟ, ವಯಸ್ಸಾದವರನ್ನ ರಾತ್ರಿ ಅಲ್ಲಿಗೆ ಕರ್ಕೊಂಡು ಹೋಗ್ಬೇಡಿ. ಕೆಳಗೆ ಬಯಲಲ್ಲಿ ಡಿಸೆಂಬರ್ ರಾತ್ರಿ ನಾಲ್ಕೈದು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯತ್ತೆ, ಸ್ವೆಟರ್, ಮಂಕಿ ಕ್ಯಾಪ್ ಎರಡೂ ಬೇಕು, ಎಕ್ಸ್‌ಟ್ರಾ ಬ್ಯಾಟರಿ ಒಳಗಿನ ಜೇಬಲ್ಲಿ ಬೆಚ್ಚಗಿಟ್ಕೊಳ್ಳಿ.

ಬೇ ಏರಿಯಾದಿಂದ ಎಂಟೊಂಬತ್ತು ಗಂಟೆ ಡ್ರೈವ್, ಲಾಸ್ ವೇಗಸ್‌ನಿಂದ ಎರಡು ಗಂಟೆ. ಕಾರಿಗೆ ಗ್ಯಾಸ್ (ಪೆಟ್ರೋಲ್) ಪಾರ್ಕ್ ಹೊರಗಿನ ಊರುಗಳಾದ ರಿಡ್ಜ್‌ಕ್ರೆಸ್ಟಲ್ಲೋ ಪರಂಪಲ್ಲೋ ಫುಲ್ ಮಾಡಿಸಿ, ಒಳಗೆ ರೇಟ್ ವಿಪರೀತ. ಎಂಟ್ರಿ ಕಾರಿಗೆ 30 ಡಾಲರ್, ಏಳು ದಿನ ನಡಿಯತ್ತೆ, ಕಾರ್ಡ್ ಮಾತ್ರ. ಫೋನ್ ಸಿಗ್ನಲ್ ಹೆಚ್ಚಿನ ಕಡೆ ಇರಲ್ಲ, ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಚಪಾತಿ ಪುಳಿಯೋಗರೆ ಕಟ್ಕೊಂಡು ಹೋದ್ರೆ ಊಟದ ಚಿಂತೆ ಇಲ್ಲ. ರೂಮಿಗೆ ಬಂದ ತಕ್ಷಣ ಟ್ರೈಪಾಡ್ ಕಾಲು ಬಿಚ್ಚಿ ಒಳ್ಳೆ ನೀರಲ್ಲಿ ತೊಳೀರಿ, ಉಪ್ಪು ಹಾಗೇ ಬಿಟ್ರೆ ಲಾಕ್ ಎಲ್ಲಾ ಕಚ್ಕೊಂಡ್ಬಿಡತ್ತೆ.