ಅರವತ್ತು ಸಾವಿರದಲ್ಲಿ ಕೋಡಿಂಗೂ ಆಗಬೇಕು, ಗೇಮೂ ಓಡಬೇಕು: ಯಾವ ಪಾರ್ಟ್ಸ್ ತಗೊಳ್ಳಲಿ?

"ಮಾನಿಟರ್ ಬಿಟ್ಟು ಅರವತ್ತು ಸಾವಿರ ಇಟ್ಟುಕೊಂಡಿದ್ದೀವಿ. ಪ್ರೋಗ್ರಾಮಿಂಗ್ ಕಲಿಯಬೇಕು, ಜೊತೆಗೆ ಗೇಮೂ ಆಡಬೇಕಂತೆ. ಐ5 ಸಾಕಾ, ಐ7 ಬೇಕಾ?" ಇಂಜಿನಿಯರಿಂಗ್ ಸೇರಿದ ಮಕ್ಕಳು ಕೇಳುವುದಕ್ಕಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಪ್ರಶ್ನೆ ಯಾವಾಗಲೂ ಪ್ರೊಸೆಸರ್ ಬಗ್ಗೆಯೇ. ದುಡ್ಡು ಪೋಲಾಗುವುದು ಮಾತ್ರ ಬೇರೆ ಕಡೆ.

ಗೇಮ್ ನಿಂತಿರುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಕೋಡ್ ಬರೆಯುವವರಿಗೆ ಹೊಡೆತ ಬೀಳುವುದು ರ‍್ಯಾಮ್ ಮತ್ತು ಎಸ್‌ಎಸ್‌ಡಿ ಕಡಿಮೆ ಬಿದ್ದಾಗ. ಎರಡಕ್ಕೂ 6 ಕೋರ್, 12 ಥ್ರೆಡ್‌ನ ಪ್ರೊಸೆಸರ್ ಸಾಕು: ಎಎಂಡಿ ರೈಜೆನ್ 5 5600, ಇಲ್ಲವೇ ಇಂಟೆಲ್ ಐ5-12400ಎಫ್. ಅದನ್ನು ದಾಟಿ ಐ7ಗೆ ಹೋದರೆ ಆ ಹಣ ಗ್ರಾಫಿಕ್ಸ್ ಕಾರ್ಡಿನ ಪಾಲಿನಿಂದಲೇ ಕಳೆಯಬೇಕು, ಗೇಮ್ ಅಲ್ಲಿಗೆ ಸೊರಗುತ್ತದೆ.

ಹೆಸರಿನ ಕೊನೆಯ ಅಕ್ಷರ ನೋಡದೆ ಕೊಳ್ಳಬೇಡಿ. ಇಂಟೆಲ್‌ನ "ಎಫ್" ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ; ಕಾರ್ಡ್ ಹಾಕುವವರೆಗೆ ಪರದೆ ಕಪ್ಪಗೇ ಇರುತ್ತದೆ. ರೈಜೆನ್ 5600 ಕೂಡ ಹಾಗೆಯೇ. 5600ಜಿಯಲ್ಲಿ ಗ್ರಾಫಿಕ್ಸ್ ಇದೆ, ಆದರೆ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ) 32ರ ಬದಲು 16 ಎಂಬಿ, ಪಿಸಿಐಇ (ಗ್ರಾಫಿಕ್ಸ್ ಕಾರ್ಡಿಗೆ ಡೇಟಾ ಹೋಗುವ ದಾರಿ) 4.0ರ ಬದಲು 3.0. "ಈಗ 5600ಜಿ, ಕಾರ್ಡ್ ಆರು ತಿಂಗಳು ಬಿಟ್ಟು" ಅನ್ನುವವರಿಗೆ ಅದು ಸರಿಯೇ. ಕಾರ್ಡನ್ನು ಇವತ್ತೇ ಹಾಕುವವರು ಅದನ್ನು ಮುಟ್ಟಬಾರದು. ಹೆಸರಿನಲ್ಲಿ ಹತ್ತಿರವಿರುವ 5500ರಲ್ಲೂ ಇದೇ ಕತ್ತರಿ, ಒಳಗಿನ ಗ್ರಾಫಿಕ್ಸ್ ಕೂಡ ಇಲ್ಲ.

ಒಟ್ಟು ಬಜೆಟ್ಟಿನ ಮೂರನೇ ಒಂದು ಪಾಲು, ಸಾಧ್ಯವಾದರೆ ತುಸು ಜಾಸ್ತಿ, ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಡಿ. 1080ಪಿ (ಫುಲ್ ಎಚ್‌ಡಿ) ಗೇಮಿಂಗ್‌ಗೆ ರೇಡಿಯಾನ್ ಆರ್‌ಎಕ್ಸ್ 6600 ಸಾಕು: 8 ಜಿಬಿ ಮೆಮೊರಿ, 132 ವ್ಯಾಟ್. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗ ಅಂತ ಕೈಹಾಕಬೇಡಿ. ಅದಕ್ಕೆ 4 ಜಿಬಿ ಮೆಮೊರಿ, ನಾಲ್ಕೇ ಪಿಸಿಐಇ ಲೇನು, ಪಿಸಿಐಇ 3.0 ಮದರ್‌ಬೋರ್ಡಿನಲ್ಲಿ ಕೂತರೆ ಇನ್ನೂ ಕುಂಟುತ್ತದೆ. ಆನ್‌ಲೈನ್‌ನಲ್ಲಿ ಆರ್‌ಎಕ್ಸ್ 580 ಹೆಸರಿನಲ್ಲಿ ಬರುವ "2048ಎಸ್‌ಪಿ" ಕಾರ್ಡು ನಿಜದಲ್ಲಿ 570ರ ಸಾಲಿನದು. ಆ ಸಂಖ್ಯೆ ಕಾರ್ಡಿನೊಳಗಿನ ಸಣ್ಣ ಕೋರ್‌ಗಳದ್ದು, ಅಸಲಿ 580ಯಲ್ಲಿ ಅದು 2304. ಮಶೀನ್ ಲರ್ನಿಂಗ್ ಕಲಿಯುವ ಮನಸ್ಸಿದ್ದರೆ ಗೇಮಿನಲ್ಲಿ ನಾಲ್ಕು ಫ್ರೇಮ್ ಕಡಿಮೆಯಾದರೂ ಎನ್ವಿಡಿಯಾ ಕಾರ್ಡನ್ನೇ ಕೊಳ್ಳಿ. ಲೆಕ್ಕಗಳನ್ನು ಕಾರ್ಡಿನ ಮೇಲೆ ಓಡಿಸುವ ಎನ್ವಿಡಿಯಾದ ಕ್ಯುಡಾ ಇಲ್ಲದ ಕಡೆ ಹೆಜ್ಜೆ ಹೆಜ್ಜೆಗೂ ತಡಕಾಟ. ಅಲ್ಲೂ ಆರ್‌ಟಿಎಕ್ಸ್ 3050ಯಲ್ಲಿ 8 ಜಿಬಿ ಒಂದು, 6 ಜಿಬಿ ಒಂದು ಇವೆ. ಎರಡರ ನಡುವಿನ ವ್ಯತ್ಯಾಸ ಮೆಮೊರಿಯದ್ದಷ್ಟೇ ಅಲ್ಲ, 6 ಜಿಬಿಯದರಲ್ಲಿ ಕೋರ್‌ಗಳೂ ಕಡಿಮೆ.

ರ‍್ಯಾಮ್ 16 ಜಿಬಿಯಿಂದ ಶುರು. ಒಂದೇ 16ರ ಸ್ಟಿಕ್ ಬೇಡ, 8ರ ಎರಡು ಹಾಕಿ, ಎರಡೂ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನಲ್ ಆಗುತ್ತದೆ. ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ, ಪರದೆ ಮೇಲೇ ಫೋನ್ ಓಡಿಸುವ ಎಮ್ಯುಲೇಟರ್, ಕ್ರೋಮ್ ಮೂರೂ ತೆರೆದರೆ 16 ತುಂಬಿಹೋಗುವುದು ಮಾಮೂಲು. ವಿಂಡೋಸ್‌ನೊಳಗೆ ಡಬ್ಲ್ಯುಎಸ್‌ಎಲ್2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಮೇಲೆ ಡಾಕರ್ (ಪ್ರೋಗ್ರಾಮುಗಳನ್ನು ಪ್ರತ್ಯೇಕ ಪೊಟ್ಟಣಗಳಲ್ಲಿ ಓಡಿಸುವ ಸಾಧನ) ಓಡಿಸುವವರು ಗಮನಿಸಿ: ಮಿತಿ ಹಾಕದಿದ್ದರೆ ಅದು ಒಟ್ಟು ರ‍್ಯಾಮಿನ ಅರ್ಧದವರೆಗೂ ನುಂಗಬಹುದು. ಅದರ ಕಾನ್ಫಿಗ್ ಫೈಲಿನಲ್ಲಿ 6 ಜಿಬಿ ಮಿತಿ ಕೊಟ್ಟರೆ ಉಳಿದವಕ್ಕೆ ಉಸಿರಾಡಲು ಜಾಗ ಸಿಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಿಗಿದ ಮೇಲೆ ಒಮ್ಮೆಗೇ 32 ಕೊಳ್ಳಿ ಅನ್ನುವುದು ಕಷ್ಟ. ರೈಜೆನ್ ಜೊತೆ ನಾಲ್ಕು ಸ್ಲಾಟಿನ ಬಿ550 ಬೋರ್ಡ್ ಕೊಂಡರೆ ಉಳಿದದ್ದನ್ನು ಆಮೇಲೆ ಸೇರಿಸಬಹುದು. 5600ಕ್ಕೆ ಹಳೆಯ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಆಗುವುದಿಲ್ಲ. ಬೋರ್ಡ್ ಬಹಳ ದಿನ ಅಂಗಡಿಯಲ್ಲೇ ಕೂತಿದ್ದರೆ ಅಪ್‌ಡೇಟ್ ಮಾಡಿಸಿಯೇ ತನ್ನಿ.

ಎಸ್‌ಎಸ್‌ಡಿ ಎನ್‌ವಿಎಂಇ ಆಗಿರಲಿ. ಬೋರ್ಡಿಗೇ ಚುಚ್ಚುವ ಎಂ.2 ಆಕಾರದಲ್ಲೇ ಹಳೆಯ ಸಾಟಾ ಮಾದರಿಯೂ ಬರುತ್ತದೆ, ಅದರ ವೇಗ ಸೆಕೆಂಡಿಗೆ 550 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇನ್ನು ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಹಂಚುವ ಡಬ್ಬಿ. ಎಲ್ಲರೂ ಉಳಿಸಲು ನೋಡುವುದು ಇಲ್ಲೇ, ಉಳಿಸಬಾರದ್ದೂ ಇಲ್ಲೇ. ಕ್ಯಾಬಿನೆಟ್ ಜೊತೆ "450 ವ್ಯಾಟ್" ಅಂತ ಪುಕ್ಕಟೆ ಬರುವ ಡಬ್ಬಿಯನ್ನು ತಿರುಗಿಸಿ ಲೇಬಲ್ ಓದಿ. ಅದರಲ್ಲಿ +12ವಿ ಅಂತ ಒಂದು ಕಾಲಂ ಇರುತ್ತದೆ, ಕೆಳಗೆ ಆಂಪಿಯರ್. ಅಲ್ಲಿ 18 ಇದ್ದರೆ 18 ಗುಣಿಸು 12, ಬರೀ 216 ವ್ಯಾಟ್. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಈ 12 ವೋಲ್ಟಿನ ತಟ್ಟೆಯಲ್ಲಿ. 5600 ಪೂರ್ತಿ ದುಡಿದಾಗ 76, ಕಾರ್ಡಿಗೆ 132, ಫ್ಯಾನು ಬೋರ್ಡು ಎಸ್‌ಎಸ್‌ಡಿಗೆ ಸುಮಾರು 40: ಅಲ್ಲಿಗೇ 250 ಹತ್ತಿರವಾಯಿತು. ಅದೇ 450 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟಿಗೆ 36 ಆಂಪಿಯರ್ ಇರುತ್ತದೆ, ಅಂದರೆ 432 ವ್ಯಾಟ್. ಪೆಟ್ಟಿಗೆ ಮೇಲಿನ ಸಂಖ್ಯೆ ಒಂದೇ, ಒಳಗಿನದು ಅರ್ಧ. ಡೆಸ್ಕ್‌ಟಾಪ್, ಬ್ರೌಸರ್ ಎಲ್ಲಾ ಚೆನ್ನಾಗಿದ್ದು, ಗೇಮಿನಲ್ಲಿ ಸ್ಫೋಟದ ದೃಶ್ಯ ಬಂದ ತಕ್ಷಣ ಸಿಸ್ಟಂ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಜನ ಕಾರ್ಡನ್ನು ಬೈದು ಸರ್ವಿಸ್‌ಗೆ ಕೊಟ್ಟು ಬರುತ್ತಾರೆ. ಹೆಸರಿರುವ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್ ಕೊಳ್ಳಿ. 80 ಪ್ಲಸ್ ಹೇಳುವುದು ವಿದ್ಯುತ್ ಎಷ್ಟು ಪೋಲಾಗುವುದಿಲ್ಲ ಎಂಬುದನ್ನಷ್ಟೇ, ಬಾಳಿಕೆಯನ್ನಲ್ಲ. ವಾರಂಟಿ ಎಷ್ಟು ವರ್ಷ ಅಂತಲೂ ಕೇಳಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಲ್ಲಾಗಲಿ ಅಂಗಡಿಯವರು ಚೀಟಿಯಲ್ಲಿ "16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 450 ಎಸ್‌ಎಂಪಿಎಸ್" ಅಂತ ಗೀಚಿ ಕೊಟ್ಟರೆ ಅದು ಕೊಟೇಶನ್ ಅಲ್ಲ. ಪ್ರತಿಯೊಂದರ ಮುಂದೆ ಕಂಪನಿ, ಮಾಡೆಲ್ ನಂಬರ್ ಬರೆಸಿ, ನಾಲ್ಕು ಅಂಗಡಿ ತಿರುಗಿ. ಬಿಲ್ ಬೇಡವೆಂದರೆ ಇಷ್ಟು ಕಮ್ಮಿ ಅನ್ನುವ ಮಾತಿಗೆ ಬೀಳಬೇಡಿ. ಸೀರಿಯಲ್ ನಂಬರ್ ಸಮೇತ ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ನಾಳೆ ವಾರಂಟಿಗೆ ಅಲೆದಾಟ.

ಜೋಡಿಸುವಾಗ ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ. ವಿಂಡೋಸ್ ಹಾಕುವ ಮೊದಲೇ ಬಯೋಸ್‌ಗೆ ಹೋಗಿ. ಸ್ಟಿಕ್‌ಗಳನ್ನು ಬರೆದಷ್ಟೇ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡದಿದ್ದರೆ 3200 ಅಂತ ಬರೆದ ಎಷ್ಟೋ ಸ್ಟಿಕ್‌ಗಳು 2400ರಲ್ಲೋ 2666ರಲ್ಲೋ ತೆವಳುತ್ತವೆ. ಎಎಂಡಿ ಬೋರ್ಡುಗಳಲ್ಲಿ ವರ್ಚುವಲ್ ಯಂತ್ರಗಳಿಗೆ ಬೇಕಾದ ಎಸ್‌ವಿಎಂ ಮೋಡ್ ಹಲವು ಸಲ ಆಫ್ ಇರುತ್ತದೆ, ಆಗ ಎಮ್ಯುಲೇಟರ್ ಏಳುವುದಿಲ್ಲ, ಡಾಕರ್ ಕೂಡ. ಹಳೆಯ ಬೂಟ್ ವಿಧಾನವಾದ ಸಿಎಸ್‌ಎಂ ಆಫ್ ಮಾಡಿ, ಭದ್ರತೆಗೆ ಇರುವ ಎಫ್‌ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಆನ್ ಮಾಡಿ; ವಿಂಡೋಸ್ 11ರಲ್ಲಿ ವ್ಯಾಲರಂಟ್ ಗೇಮ್ ಇವಿಲ್ಲದೆ ತೆರೆಯುವುದಿಲ್ಲ. ವಿಂಡೋಸ್ ಹಾಕಿದ ಮೇಲೆ ಇದನ್ನು ಬದಲಿಸಲು ಹೋದರೆ ಕೆಲವೊಮ್ಮೆ ಡಿಸ್ಕನ್ನೇ ಜಿಪಿಟಿ ಎಂಬ ಹೊಸ ವಿಭಾಗ ಮಾದರಿಗೆ ಪರಿವರ್ತಿಸುವ ಪಾಡು.

ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದರ ಸ್ವಿಚ್ "ಯುಪಿಎಸ್" ಮೋಡ್‌ನಲ್ಲಿರಲಿ, ನಾರ್ಮಲ್ ಮೋಡ್‌ನಲ್ಲಿ ಕರೆಂಟ್ ಹೋದ ಕ್ಷಣಕ್ಕೆ ಪಿಸಿಯೂ ಹೋಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ನಂಬಬೇಡಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಅಂತಲ್ಲ: ಅದರೊಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ತಗಡಿಗೆ ಬರುವ ಸಣ್ಣ ಸೋರಿಕೆ ಭೂಮಿಗೆ ಇಳಿಯಲು ದಾರಿ ಸಿಕ್ಕಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ಟಿಗೆ ಅರ್ಥಿಂಗ್ ಹಾಕಿಸಿ, ಟೂ ಪಿನ್ ಕನ್ವರ್ಟರ್ ಇದ್ದರೆ ಕಿತ್ತು ಬಿಸಾಡಿ.